ಹುಲ್ಲು ಹಳದಿಯಾದರೆ ಬೇರು ನೋಡಿ

ಇಂದು ನಾನು ಹುಲ್ಲಿನ ಬಗ್ಗೆ ಮಾತನಾಡಲು ಬಂದಿದ್ದೇನೆ. ಹುಲ್ಲಿಗೂ ಒಂದು ಭಾಷಣವೇ ಎಂದು ನಗಬೇಡಿ. ಊರಿನ ಗದ್ದೆ, ತೋಟ ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಸೇರಿಕೊಂಡ ನಮ್ಮಲ್ಲಿ ಹೆಚ್ಚಿನವರಿಗೆ ಈಗ ಉಳಿದಿರುವ ಜಮೀನು ಎಂದರೆ ಸೊಸೈಟಿಯ ಎರಡು ಕಟ್ಟಡಗಳ ನಡುವೆ ಇರುವ ಲಾನ್ ಒಂದೇ. ಮಕ್ಕಳು ಬರಿಗಾಲಲ್ಲಿ ಓಡುವುದು ಅಲ್ಲಿ, ಹಿರಿಯರು ಸಂಜೆ ಕೂರುವುದು ಅಲ್ಲಿ, ರಾಜ್ಯೋತ್ಸವದ ದಿನ ನಾವು ನಾಲ್ಕು ಮನೆಯವರು ಸೇರಿ ಚಿತ್ರಾನ್ನ ಹಂಚುವುದೂ ಅಲ್ಲಿಯೇ. ಆ ಲಾನ್ ಮಳೆಗಾಲದ ನಡುವೆ ಇದ್ದಕ್ಕಿದ್ದಂತೆ ಹಳದಿಯಾಗಿ, ಹಪ್ಪಳದಂತೆ ಎದ್ದು ಬಂದರೆ ಸೊಸೈಟಿಯ ಮೀಟಿಂಗಿನಲ್ಲಿ ಮೂರು ಮಾತು ಬರುತ್ತವೆ. ಮಾಲಿ ಸರಿಯಾಗಿ ನೀರು ಹಾಕಿಲ್ಲ. ಏನಾದರೂ ಔಷಧಿ ಹೊಡೆಸಿ. ಇಲ್ಲವಾದರೆ ಎಲ್ಲ ಕಿತ್ತು ಟೈಲ್ಸ್ ಹಾಕಿಸಿಬಿಡಿ. ಈ ಮೂರಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಅದಕ್ಕೆ ಅರ್ಧ ಗಂಟೆ ಸಾಕು. ನಾನು ಹೇಳಲು ಬಂದಿರುವುದು ಅದನ್ನೇ.

ಮೊದಲು ಹುಲ್ಲಿನ ಪರಿಚಯ ಆಗಲಿ. ನಮ್ಮ ನಗರಗಳ ಲಾನ್‌ಗಳಲ್ಲಿ ಹೆಚ್ಚಾಗಿ ಇರುವುದು ನಮ್ಮ ಗರಿಕೆಯೇ. ಗಣಪತಿಗೆ 21 ಎಸಳು ಏರಿಸುವ ಅದೇ ಗರಿಕೆ. ಮರಾಠಿಯವರು ಇದನ್ನು ದೂರ್ವಾ ಎಂದೂ ಹರಳಿ ಎಂದೂ ಕರೆಯುತ್ತಾರೆ, ತಮಿಳರು ಅರುಗಂಪುಲ್ ಎನ್ನುತ್ತಾರೆ, ತೆಲುಗರು ಗರಿಕ, ದೆಹಲಿಯವರು ದೂಬ್. ನರ್ಸರಿಯವನು ಇದನ್ನೇ ‘ಬರ್ಮುಡಾ ಗ್ರಾಸ್’ ಎಂದು ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾನೆ. ಇದರ ಜೊತೆಗೆ ‘ಕೊರಿಯನ್’, ‘ಮೆಕ್ಸಿಕನ್’ ಎಂಬ ಹೆಸರಿನಲ್ಲಿ ಬರುವ, ಮೆತ್ತಗೆ ದಿಂಬಿನಂತೆ ಬೆಳೆಯುವ ಝೋಯ್ಸಿಯಾ ಹುಲ್ಲು ಇದೆ. ಅಗಲ ಎಲೆಯ ಇನ್ನೂ ಕೆಲವು ಜಾತಿಗಳಿವೆ, ಅವುಗಳ ಗೋಜು ಇವತ್ತು ಬೇಡ. ಇವೆಲ್ಲ ಬೆಚ್ಚನೆಯ ಕಾಲದ ಹುಲ್ಲುಗಳು. 27ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ, ಮೈತುಂಬ ಬಿಸಿಲು ಇದ್ದರೆ ಚೆನ್ನಾಗಿ ಹಬ್ಬುತ್ತವೆ. ಚಳಿ ಬಿದ್ದರೆ ಬೆಳವಣಿಗೆ ನಿಲ್ಲುತ್ತದೆ. ದೆಹಲಿಯ ಕೇಳುಗರು ಗಮನಿಸಿ, ಡಿಸೆಂಬರ್ ಕೊನೆಗೆ ನಿಮ್ಮ ಲಾನ್ ಪೂರ್ತಿ ಒಂದೇ ಸಮನಾಗಿ ಹುಲ್ಲುಗಂದು ಬಣ್ಣಕ್ಕೆ ತಿರುಗಿದರೆ ಅದು ರೋಗವಲ್ಲ, ಹುಲ್ಲಿನ ನಿದ್ದೆ. ಬಿಸಿಲೇರಿದ ಮೇಲೆ ತಾನಾಗಿ ಏಳುತ್ತದೆ.

ಈಗ ರೋಗದ ವಿಷಯ. ಎಲೆಗೆ ಬಂದ ರೋಗ ಕಣ್ಣಿಗೆ ಕಾಣುತ್ತದೆ, ಚುಕ್ಕೆಯೋ ಮಚ್ಚೆಯೋ ಇರುತ್ತದೆ. ಬೇರಿನ ರೋಗ ಹಾಗಲ್ಲ, ಅದು ಬಾಯಾರಿಕೆಯ ವೇಷ ಹಾಕಿಕೊಂಡು ಬರುತ್ತದೆ. ಬೇರು ಕೊಳೆತು ಗಿಡ್ಡವಾದ ಹುಲ್ಲಿಗೆ ನೀರು ಎದುರಿಗೇ ಇದ್ದರೂ ಕುಡಿಯಲಾಗುವುದಿಲ್ಲ. ಮಧ್ಯಾಹ್ನ ಬಾಡುತ್ತದೆ, ಹಳೆಯ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ, ಆಮೇಲೆ ಕಂದು. ನೋಡಿದವರು ‘ಪಾಪ, ನೀರಿಲ್ಲ’ ಎಂದು ಪೈಪ್ ಹಿಡಿಯುತ್ತಾರೆ. ಮಣ್ಣಿನಲ್ಲಿ ನೀರು ನಿಂತು ಗಾಳಿ ಹೊರಟುಹೋಗುತ್ತದೆ, ಉಸಿರು ಕಟ್ಟಿದ ಬೇರಿನ ಮೇಲೆ ರೋಗ ಇನ್ನಷ್ಟು ಹರಡುತ್ತದೆ. ಉಪಚಾರವೇ ರೋಗಕ್ಕೆ ಗೊಬ್ಬರವಾಗುತ್ತದೆ.

ಎರಡು ಮಳೆಗಾಲದ ಹಿಂದೆ ಮುಂಬೈ ಉಪನಗರದ ಒಂದು ಸೊಸೈಟಿಯಲ್ಲಿ ಇದೇ ಆಯಿತು. ಅಲ್ಲಿನ ಮಾಲಿ ಯಾದಗಿರಿ ಕಡೆಯವರು, ಐವತ್ತು ದಾಟಿದವರು. ಆಗಸ್ಟ್ ತಿಂಗಳಲ್ಲಿ ಲಾನಿನ ಒಂದು ಮೂಲೆ ಹಳದಿಯಾದಾಗ ಕಮಿಟಿಯವರು ಅವರ ಸಂಬಳದಲ್ಲಿ ಕಡಿತ ಮಾಡಿ, ಮಳೆ ಬಿಟ್ಟ ದಿನಗಳಲ್ಲಿ ಎರಡು ಹೊತ್ತು ನೀರು ಬಿಡಬೇಕೆಂದು ತಾಕೀತು ಮಾಡಿದರು. ಸಸ್ಯರೋಗ ಓದಿದವನು ಎಂಬ ಕಾರಣಕ್ಕೆ ಅಲ್ಲಿನ ಗೆಳೆಯರೊಬ್ಬರು ನನ್ನನ್ನು ಕರೆದರು. ನಾನು ಹೋದಾಗ ಆ ಮೂಲೆ ಒಂದು ಕೋಣೆಯಷ್ಟು ಅಗಲವಾಗಿತ್ತು. ಮಾಲಿ ಹೇಳಿದ ಮಾತು ನನಗೆ ಈಗಲೂ ನೆನಪಿದೆ: “ಸಾಹೇಬ್ರ, ನೀರ್ ಬಿಟ್ಟಷ್ಟೂ ಹಳದಿ ಆಗಾಕತ್ತೈತ್ರಿ. ನಾ ಹೇಳಿದ್ರ ಯಾರ್ ಕೇಳ್ತಾರ್ರಿ?” ರೋಗದ ಲಕ್ಷಣವನ್ನು ಇಷ್ಟು ಸರಿಯಾಗಿ ಹೇಳಿದವರು ಆ ಸೊಸೈಟಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರ ಖುರ್ಪಿಯಿಂದಲೇ ಒಂದು ಹಿಡಿ ಹುಲ್ಲು ಎತ್ತಿದೆವು. ಬೇರು ಒಂದು ಬೆರಳಿನಷ್ಟೂ ಉದ್ದ ಇರಲಿಲ್ಲ. ಉಗುರಿನಿಂದ ಎಳೆದರೆ ಮೇಲಿನ ಕಂದು ಪದರ ಕಳಚಿಕೊಂಡು ಒಳಗೆ ಕೂದಲಿನಂಥ ಬಿಳಿ ದಾರ ಮಾತ್ರ ಉಳಿಯುತ್ತಿತ್ತು. ಟೆರೇಸಿನ ಟ್ಯಾಂಕ್ ತುಂಬಿ ಚೆಲ್ಲಿದ ನೀರು ಅದೇ ಮೂಲೆಗೆ ಬಂದು ನಿಲ್ಲುತ್ತಿತ್ತು, ಚರಂಡಿಯ ಜಾಲರಿ ಪ್ಲಾಸ್ಟಿಕ್ಕಿನಿಂದ ಕಟ್ಟಿಹೋಗಿತ್ತು. ಆ ಕಥೆಯ ಮುಂದಿನ ಭಾಗಕ್ಕೆ ಆಮೇಲೆ ಬರುತ್ತೇನೆ.

ನೀವು ಮಾಡಬೇಕಾದ ಪರೀಕ್ಷೆ ಇದು. ಬೇಕಾಗುವುದು ಒಂದು ಖುರ್ಪಿ ಅಥವಾ ಹಳೆಯ ಚಾಕು, ಒಂದು ಬಕೆಟ್ ನೀರು, ಒಂದು ಬಿಳಿ ತಟ್ಟೆ. ಭೂತಕನ್ನಡಿ ಇದ್ದರೆ ಒಳ್ಳೆಯದು. ಮೊದಲು ನಿಂತು ನೋಡಿ: ಹಳದಿ ಎಲ್ಲೆಲ್ಲಿ ಇದೆ, ಆಕಾರ ಏನು, ಅಂಚು ಹೇಗಿದೆ. ಆಮೇಲೆ ಸತ್ತುಹೋದ ನಡುವಿನ ಜಾಗ ಬಿಟ್ಟು, ಹಸಿರು ಮತ್ತು ಹಳದಿ ಸೇರುವ ಅಂಚಿನಲ್ಲಿ ಒಂದು ಅಂಗೈ ಅಗಲ, ಸುಮಾರು 10 ಸೆಂಟಿಮೀಟರ್ ಆಳ ಅಗೆದು ಮಣ್ಣು ಸಮೇತ ಎತ್ತಿ. ನಡುವಿನಲ್ಲಿ ಸತ್ತ ಹುಲ್ಲನ್ನು ತಿನ್ನಲು ಬಂದ ಹತ್ತಾರು ಬೂಷ್ಟುಗಳಿರುತ್ತವೆ, ನಿಜವಾದ ಕಳ್ಳ ಅಲ್ಲಿಂದ ಮುಂದಕ್ಕೆ ಹೋಗಿರುತ್ತಾನೆ. ಇನ್ನೊಂದು ಹಿಡಿಯನ್ನು ಪೂರ್ತಿ ಚೆನ್ನಾಗಿರುವ ಕಡೆಯಿಂದ ಎತ್ತಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇದೇ ಮುಖ್ಯ. ಹೋಲಿಸಲು ಒಳ್ಳೆಯ ಬೇರು ಪಕ್ಕದಲ್ಲಿ ಇಲ್ಲದಿದ್ದರೆ ಕೆಟ್ಟ ಬೇರು ಯಾವುದು ಎಂದು ಹೇಳಲಾಗದು, ಏಕೆಂದರೆ ವಯಸ್ಸಾದ ಬೇರು ರೋಗವಿಲ್ಲದಿದ್ದರೂ ಕಂದಾಗುತ್ತದೆ. ಎರಡನ್ನೂ ಬಕೆಟ್ಟಿನಲ್ಲಿ ಅದ್ದಿ, ನಲ್ಲಿಯ ರಭಸಕ್ಕೆ ಹಿಡಿಯದೆ, ಮೆಲ್ಲಗೆ ಅಲುಗಿಸಿ ಮಣ್ಣು ಬಿಡಿಸಿ ಬಿಳಿ ತಟ್ಟೆಯ ಮೇಲೆ ಹರಡಿ.

ಆರೋಗ್ಯದ ಬೇರು ಬಿಳಿ ಅಥವಾ ತಿಳಿ ಕೆನೆಬಣ್ಣ, ಬಿಗಿಯಾಗಿರುತ್ತದೆ, ಅದರಲ್ಲಿ ಸಣ್ಣ ಕವಲುಗಳು ತುಂಬ. ಎಳೆದರೆ ಸುಲಭವಾಗಿ ತುಂಡಾಗುವುದಿಲ್ಲ. ಇದಕ್ಕೆ ಹೊರತಾಗಿ ಕಂಡದ್ದನ್ನು ಹೀಗೆ ಓದಿಕೊಳ್ಳಿ.

ಬೇರಿನ ಮೇಲ್ಪದರ ಮೆತ್ತಗಾಗಿ, ಕೈಚೀಲದ ತೋಳಿನಂತೆ ಜಾರಿ ಕಳಚಿ ಒಳಗಿನ ದಾರ ಉಳಿದರೆ ಅನುಮಾನ ಪಿಥಿಯಂ ಮೇಲೆ. ಊರಿನಲ್ಲಿ ಶುಂಠಿ ಬೆಳೆದವರಿಗೆ ಈ ಹೆಸರು ಹೊಸದಲ್ಲ, ಶುಂಠಿ ಗೆಡ್ಡೆಯನ್ನು ಕೊಳೆಸಿ ನಾರುವಂತೆ ಮಾಡುವುದು ಇದೇ ಬಳಗ. ಪುಸ್ತಕದಲ್ಲಿ ಇದನ್ನು ಶಿಲೀಂಧ್ರಗಳ ಜೊತೆ ಸೇರಿಸಿ ಹೇಳುತ್ತಾರಾದರೂ ಇದು ನಿಜವಾದ ಶಿಲೀಂಧ್ರವಲ್ಲ, ಪಾಚಿಗಳಿಗೆ ಹತ್ತಿರದ ಜೀವಿ. ಇದರ ಬೀಜಾಣುಗಳಿಗೆ ಬಾಲವಿದೆ, ಮಣ್ಣಿನ ನೀರಿನಲ್ಲಿ ಈಜಿಕೊಂಡು ಬೇರಿನಿಂದ ಬೇರಿಗೆ ಹೋಗುತ್ತವೆ. ಅದಕ್ಕೇ ನೀರು ನಿಂತ ತಗ್ಗಿನಲ್ಲಿ, ನೀರು ಹರಿದ ದಾರಿಯುದ್ದಕ್ಕೂ ಹುಲ್ಲು ಸಾಯುತ್ತದೆ. ನಮ್ಮ ಮಲೆನಾಡಿನ ಅಡಿಕೆ ಕೊಳೆರೋಗವೂ ಇದೇ ದೊಡ್ಡ ಕುಟುಂಬದ್ದು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 100 ವರ್ಷಕ್ಕೂ ಹಿಂದೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದದ್ದು ಈ ಕುಟುಂಬದ ವಿರುದ್ಧವೇ. ಆಷಾಢದ ಜಡಿಮಳೆಯೂ ಕೊಳೆಯೂ ಜೊತೆಗೇ ಬರುತ್ತವೆ ಎಂಬುದು ಅಡಿಕೆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯದು ಸ್ವಲ್ಪ ಕಪಟಿ. ಬೇರು ಗಿಡ್ಡವಾಗಿ, ಅಲ್ಲಲ್ಲಿ ಕಪ್ಪು ಅಥವಾ ಕಡುಕಂದು ಗಾಯಗಳಾಗಿ, ಒಣಗಿದ ಕೊಳೆಯಂತೆ ಕಾಣುತ್ತದೆ. ನೆಲದ ಮೇಲೆ ಹಬ್ಬುವ ಬಳ್ಳಿಯ ಗೆಣ್ಣುಗಳ ಬಳಿಯೂ ಕಪ್ಪಾಗಿರುತ್ತದೆ. ಮೇಲಿನಿಂದ ನೋಡಿದರೆ ವಕ್ರವಾದ ಹಳದಿ ತೇಪೆಗಳು, ಒಂದು ಊಟದ ಎಲೆಯಷ್ಟರಿಂದ ಹಿಡಿದು ಒಂದು ಮೀಟರ್ ಅಗಲದವರೆಗೆ. ಇದರ ಹಿಂದೆ ಇರುವ ಶಿಲೀಂಧ್ರದ ಹೆಸರು ನಾಲಿಗೆ ಹೊರಳದಷ್ಟು ಉದ್ದ, ಗೇಯುಮನೋಮೈಸಿಸ್ ಗ್ರಾಮಿನಿಸ್. ಅಮೆರಿಕದ ಫ್ಲಾರಿಡಾದಲ್ಲಿ ಗಾಲ್ಫ್ ಮೈದಾನಗಳ ಗರಿಕೆ ಮಳೆಗಾಲದಲ್ಲಿ ಸೊರಗುವುದಕ್ಕೆ ಇದೇ ಕಾರಣ ಎಂದು ಮೋನಿಕಾ ಎಲಿಯಟ್ ಎಂಬ ವಿಜ್ಞಾನಿ 1991ರಲ್ಲಿ ತೋರಿಸಿಕೊಟ್ಟರು. ಅಲ್ಲಿ ಅದಕ್ಕೆ ‘ಬರ್ಮುಡಾ ಹುಲ್ಲಿನ ಕುಸಿತ’ ಎಂಬರ್ಥದ ಹೆಸರು. ಫ್ಲಾರಿಡಾದ ಹವೆಯನ್ನು ಕೇಳಿದರೆ ನಿಮಗೆ ಮುಂಬೈಯೇ ನೆನಪಾಗಬೇಕು: ಸೆಖೆ, ಎಡೆಬಿಡದ ಮಳೆ, ವಾರಗಟ್ಟಲೆ ಮೋಡ. ಬಿಸಿಲಿಲ್ಲದೆ ಹುಲ್ಲು ಆಹಾರ ಮಾಡಿಕೊಳ್ಳಲಾಗದ ಹೊತ್ತಿನಲ್ಲಿ ಅದನ್ನು ಬೋಳಾಗಿ ಕತ್ತರಿಸಿದರೆ ಬೇರಿಗೆ ಕಳಿಸಲು ಗಿಡದ ಹತ್ತಿರ ಏನೂ ಉಳಿಯುವುದಿಲ್ಲ. ಶಿಲೀಂಧ್ರ ಬೇರಿನ ಹೊರಮೈ ಮೇಲೆ ಕಪ್ಪು ಎಳೆಗಳಾಗಿ ಬಳ್ಳಿಯಂತೆ ಹಬ್ಬಿ, ಅಲ್ಲಿಂದ ಒಳಕ್ಕೆ ನುಗ್ಗುತ್ತದೆ. ಈ ಎಳೆಗಳನ್ನು, ಅದರ ಮೇಲಿನ ಹಾಲೆಯಂಥ ಸಣ್ಣ ಹಿಡಿಕೆಗಳನ್ನು ಖಚಿತವಾಗಿ ನೋಡಲು ಸೂಕ್ಷ್ಮದರ್ಶಕವೇ ಬೇಕು. ಭೂತಕನ್ನಡಿಯಲ್ಲಿ ಅನುಮಾನ ಪಡಬಹುದು, ತೀರ್ಪು ಕೊಡಲಾಗದು.

ಮೂರನೆಯದು ಬೇರಿನ ರೋಗದಂತೆ ಕಾಣುವ, ಆದರೆ ಬೇರಿನದಲ್ಲದ ರೋಗ. ಝೋಯ್ಸಿಯಾ ಲಾನಿನಲ್ಲಿ ದುಂಡಗೆ ದೊಡ್ಡ ತಟ್ಟೆಯ ಆಕಾರದಲ್ಲಿ ಹುಲ್ಲು ಕೆಟ್ಟು, ಅಂಚು ಕಿತ್ತಳೆ ಬಣ್ಣಕ್ಕೆ ತಿರುಗಿ ದಿನದಿನಕ್ಕೆ ಅಗಲವಾಗುತ್ತದೆ. ಎಲೆ ಹಿಡಿದು ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ. ಜನ ‘ಬೇರು ಸತ್ತಿದೆ’ ಎನ್ನುತ್ತಾರೆ. ಆದರೆ ಕಿತ್ತು ಬಂದದ್ದನ್ನು ತಿರುಗಿಸಿ ನೋಡಿ, ಬೇರು ಮಣ್ಣಿನಲ್ಲೇ ಉಳಿದಿರುತ್ತದೆ. ಕೊಳೆತಿರುವುದು ಎಲೆಯ ಬುಡದ ಕವಚ ಮಾತ್ರ. ಇದು ರೈಜೋಕ್ಟೋನಿಯಾ, ಭತ್ತದ ಎಲೆಕವಚಕ್ಕೆ ಬರುವ ರೋಗದ ಬಳಗ. ಹೆಚ್ಚು ಸೆಖೆಯಲ್ಲಿ ಇದು ಸುಮ್ಮನಿರುತ್ತದೆ, ಹವೆ ತಂಪಾಗಿ ನೆಲ ಒದ್ದೆ ಇರುವಾಗ ಕೆಲಸ ಶುರು ಮಾಡುತ್ತದೆ. ಮಳೆ ಮುಗಿದು ಚಳಿ ಬರುವ ಸಂಧಿಕಾಲ, ಚಳಿ ಮುಗಿದು ಬೇಸಿಗೆ ಬರುವ ಸಂಧಿಕಾಲ, ಇವು ಪುಣೆ, ದೆಹಲಿಯವರು ಕಣ್ಣಿಡಬೇಕಾದ ದಿನಗಳು. ಬೇರು ಗಟ್ಟಿಯಾಗಿರುವುದರಿಂದ ಇಲ್ಲಿ ಹುಲ್ಲು ಮತ್ತೆ ಚಿಗುರುವ ಭರವಸೆ ಹೆಚ್ಚು.

ಹೊರದೇಶದ ಪುಸ್ತಕ, ವಿಡಿಯೋ ನೋಡುವವರಿಗೆ ‘ವಸಂತದ ಸತ್ತ ತೇಪೆ’ ಎಂಬರ್ಥದ ಇನ್ನೊಂದು ಬೇರು ರೋಗ ಕಣ್ಣಿಗೆ ಬಿದ್ದಿರಬಹುದು. 1960ರಲ್ಲಿ ಅಮೆರಿಕದ ಒಕ್ಲಹೋಮದಿಂದ ಅದರ ವಿವರ ಬಂತು, ಆಸ್ಟ್ರೇಲಿಯಾದಲ್ಲೂ ಇದೆ. ಹುಲ್ಲು ಚಳಿಗೆ ಪೂರ್ತಿ ಮಲಗುವ ಸೀಮೆಯ ರೋಗ ಅದು. ಚಳಿಗೆ ಮೊದಲೇ ಬೇರು ಹಿಡಿದು, ಎಲ್ಲ ಹಸಿರಾಗುವಾಗ ಆ ತೇಪೆ ಮಾತ್ರ ಏಳುವುದಿಲ್ಲ. ಚಳಿಯೇ ಇಲ್ಲದ ಚೆನ್ನೈ, ಮುಂಬೈಯವರು ಆ ಚಿತ್ರಗಳನ್ನು ನೋಡಿ ಗಾಬರಿಯಾಗುವ ಅಗತ್ಯವಿಲ್ಲ.

ಇನ್ನು ರೋಗವೇ ಅಲ್ಲದ ಕಾರಣಗಳು. ನನ್ನ ಅನುಭವದಲ್ಲಿ ‘ಫಂಗಸ್’ ಎಂದು ನನ್ನ ಮುಂದೆ ಬಂದ ಲಾನ್‌ಗಳಲ್ಲಿ ಹೆಚ್ಚಿನವು ಇವೇ. ಹುಲ್ಲು ಚಾಪೆಯಂತೆ ಸುತ್ತಿಕೊಂಡು ಎದ್ದು ಬಂದು, ಕೆಳಗೆ ಬೇರೇ ಇಲ್ಲದೆ ಕತ್ತರಿಸಿದಂತಿದ್ದರೆ ಮಣ್ಣು ಕೆದಕಿ. ಇಂಗ್ಲಿಷಿನ ಸಿ ಅಕ್ಷರದಂತೆ ಮುದುಡಿ ಮಲಗಿರುವ ಬಿಳಿ ಗೊಣ್ಣೆಹುಳು ಸಿಗುತ್ತದೆ. ಬೇರಿನಲ್ಲಿ ಸಣ್ಣ ಗಂಟುಗಳಿದ್ದರೆ, ಇಲ್ಲವೇ ಗಂಟಿಲ್ಲದೆಯೂ ಬೇರು ಮೊಂಡಾಗಿದ್ದರೆ, ಕಣ್ಣಿಗೆ ಕಾಣದ ಜಂತುಹುಳುಗಳಿರಬಹುದು, ಅದಕ್ಕೆ ಮಣ್ಣಿನ ಪರೀಕ್ಷೆಯೇ ಆಗಬೇಕು. ನಡುವೆ ಸುಟ್ಟಂತಾಗಿ ಸುತ್ತಲೂ ಕಡುಹಸಿರು ಉಂಗುರವಿದ್ದರೆ ಯಾರ ಮನೆಯ ನಾಯಿ ಎಂದು ವಿಚಾರಿಸಿ. ಮಳೆ ಬಿದ್ದ ಮರುದಿನ ದುಂಡಗೆ ಸಾಲಾಗಿ ಅಣಬೆ ಎದ್ದಿದ್ದರೆ ಅದು ಬೇರೆ ಕಥೆ. ಮಣ್ಣಿನಲ್ಲಿ ಹೂತ ಮರದ ಚೂರು, ಹಳೆಯ ಬೊಡ್ಡೆಗಳನ್ನು ತಿಂದು ಬದುಕುವ ಅಣಬೆಗಳು ಅವು. ಕೆಲವೊಮ್ಮೆ ಅವುಗಳ ಎಳೆ ಮಣ್ಣಿಗೆ ಮೇಣ ಸವರಿದಂತೆ ಮಾಡುತ್ತದೆ, ನೀರು ಒಳಗಿಳಿಯದೆ ಹುಲ್ಲು ಒಣಗುತ್ತದೆ. ಅಲ್ಲಿ ಮಾತ್ರ ಕಂಬಿಯಿಂದ ಚುಚ್ಚಿ ರಂಧ್ರ ಮಾಡಿ ನೀರು ಇಳಿಸಬೇಕು. ಆ ಅಣಬೆಯನ್ನು ಸಾರು ಮಾಡಲು ಹೋಗಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ಎಲ್ಲಕ್ಕಿಂತ ದೊಡ್ಡ ಕಾರಣ ನೆರಳು. 20 ಮಹಡಿಯ ಎರಡು ಟವರ್‌ಗಳ ನಡುವೆ ಬಿಲ್ಡರ್ ಗರಿಕೆ ಹಾಸಿ ಹೋಗಿರುತ್ತಾನೆ. ಗರಿಕೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅದು ಸಿಗದ ಕಡೆ ಯಾವ ಔಷಧಿಯೂ ನಡೆಯದು. ಅಲ್ಲಿಗೆ ನೆರಳು ತಡೆಯುವ ಬೇರೆ ಗಿಡವನ್ನೇ ನೆಡಬೇಕು.

ಕೈಯಲ್ಲಿ ಬೇರು ಹಿಡಿದು ನೋಡಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಔಷಧಿಯೂ ಕಾರಣ. ಅಂಗಡಿಯವನು ‘ಫಂಗಸ್ಸಿಗೆ’ ಎಂದು ಸಾಮಾನ್ಯವಾಗಿ ಎತ್ತಿ ಕೊಡುವುದು ಕಾರ್ಬೆಂಡಜಿಮ್. ಅದು ಪಿಥಿಯಂಗೆ ತಾಗುವುದೇ ಇಲ್ಲ. ಪಿಥಿಯಂ ಬಳಗಕ್ಕೆ ಕೆಲಸ ಮಾಡುವ ಮೆಟಲಾಕ್ಸಿಲ್ ಉಳಿದ ನಿಜವಾದ ಶಿಲೀಂಧ್ರಗಳಿಗೆ ತಾಗುವುದಿಲ್ಲ. ತಪ್ಪು ಹೆಸರು ಇಟ್ಟರೆ ದುಡ್ಡೂ ಹೋಯಿತು, ವಿಷವೂ ಮಣ್ಣು ಸೇರಿತು, ರೋಗ ಇದ್ದಲ್ಲೇ ಇತ್ತು. ಇನ್ನೊಂದು ಮಾತು, ಗಿಡದೊಳಗೆ ಹರಿಯುವ ಇಂಥ ಔಷಧಿಗಳಲ್ಲಿ ಬಹುಪಾಲು ಬುಡದಿಂದ ತುದಿಗೆ ಏರುತ್ತವೆ, ತುದಿಯಿಂದ ಬೇರಿಗೆ ಇಳಿಯುವುದಿಲ್ಲ. ಎಲೆ ಮೇಲೆ ಚಿಮುಕಿಸಿ ಬೇರಿನ ರೋಗ ವಾಸಿ ಮಾಡುತ್ತೇನೆ ಎಂದವನ ಕರಾರಿಗೆ ಸಹಿ ಹಾಕಬೇಡಿ. ನಮ್ಮ ದೇಶದಲ್ಲಿ ಶಿಲೀಂಧ್ರನಾಶಕಗಳೂ 1968ರ ಕೀಟನಾಶಕ ಕಾಯ್ದೆಯಡಿ ಬರುತ್ತವೆ. ಯಾವ ಬೆಳೆಗೆ, ಎಷ್ಟು ಪ್ರಮಾಣ ಎಂಬುದು ಲೇಬಲ್ಲಿನಲ್ಲಿ ಅಚ್ಚಾಗಿರುತ್ತದೆ, ವಿಷದ ಮಟ್ಟವನ್ನು ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಹೇಳುತ್ತದೆ. ಭತ್ತ, ದ್ರಾಕ್ಷಿಗೆಂದು ಬರೆದಿರುವುದನ್ನು ಮಕ್ಕಳು ಉರುಳಾಡುವ ಲಾನಿಗೆ ಸುರಿಯುವ ಮೊದಲು ಯಾರಾದರೂ ಒಬ್ಬರು ಆ ಲೇಬಲ್ ಓದಿರಬೇಕು.

ಔಷಧಿಗಿಂತ ಮೊದಲು ಮಾಡುವಂಥದ್ದು ಬೇಕಾದಷ್ಟಿದೆ. ನೀರು ನಿಲ್ಲದಂತೆ ಚರಂಡಿ ಬಿಡಿಸಿ. ಉದ್ದನೆಯ ಸ್ಕ್ರೂಡ್ರೈವರ್ ಮಣ್ಣಿಗೆ ಚುಚ್ಚಿ ನೋಡಿ, ಒಳಗೆ ಹೋಗದಿದ್ದರೆ ನೆಲ ಗಟ್ಟಿಯಾಗಿದೆ, ಕಂಬಿಯ ಫೋರ್ಕಿನಿಂದ ರಂಧ್ರ ಮಾಡಿಸಿ. ಮಳೆಗಾಲದಲ್ಲಿ ಹುಲ್ಲನ್ನು ಸ್ವಲ್ಪ ಎತ್ತರಕ್ಕೆ ಬಿಡಿ, ಮನೆಯ ಲಾನಿನ ಗರಿಕೆಗೆ 3-4 ಸೆಂಟಿಮೀಟರ್ ಇರಲಿ, ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ರೋಗ ಕಂಡ ಹುಲ್ಲಿಗೆ ಹಸಿರಾಗಲೆಂದು ಯೂರಿಯಾ ಎರಚುವುದು ಬೇಡ. ಕಪ್ಪು ಬೇರಿನ ಆ ಎರಡನೆಯ ರೋಗ ಕ್ಷಾರದ ಮಣ್ಣಿನಲ್ಲಿ ಹೆಚ್ಚು, ಆದ್ದರಿಂದ ಬೋರ್‌ವೆಲ್ಲಿನ ಗಡಸು ನೀರೇ ಗತಿಯಾದವರು ಮಣ್ಣಿನ ಪಿಎಚ್ ಒಮ್ಮೆ ನೋಡಿಸಿ, ಸುಣ್ಣದ ಸುದ್ದಿಗೆ ಹೋಗಬೇಡಿ. ನೀರು ಹಾಕಲೇಬೇಕಾದಾಗ ಬೆಳಗಿನ ಜಾವ, ವಾರಕ್ಕೆ ಒಂದೆರಡು ಸಲ, ಆಳಕ್ಕೆ ಇಳಿಯುವಂತೆ. ದಿನಾ ಸಂಜೆ ಮೇಲೆ ಮೇಲೆ ಚಿಮುಕಿಸುವುದು ಹುಲ್ಲಿಗಲ್ಲ, ನಮ್ಮ ಸಮಾಧಾನಕ್ಕೆ.

ಮುಂಬೈಯ ಆ ಸೊಸೈಟಿಯಲ್ಲಿ ಮಾಡಿದ್ದೂ ಇಷ್ಟೇ. ನೀರು ನಿಲ್ಲಿಸಿ, ಜಾಲರಿ ಬಿಡಿಸಿ, ಟ್ಯಾಂಕಿನ ನೀರು ಬೇರೆ ಕಡೆ ಹರಿಸಿದರು. ಪ್ರಯೋಗಾಲಯದ ವರದಿ ಪಿಥಿಯಂ ಎಂದೇ ಬಂತು, ಅದು ಬರುವಷ್ಟರಲ್ಲಿ ಹೊಸ ಬಿಳಿ ಬೇರು ಕಾಣಿಸಿತ್ತು. ಔಷಧಿಯ ಖರ್ಚು ಬೀಳಲಿಲ್ಲ. ದಸರಾ ಹೊತ್ತಿಗೆ ಅಂಚಿನಿಂದ ಗರಿಕೆ ಒಳಕ್ಕೆ ಹಬ್ಬಿತು, ನಡುವಿನ ಬೋಳು ತುಂಬಲು ಮಾತ್ರ ಮುಂದಿನ ಬೇಸಿಗೆಯೇ ಬರಬೇಕಾಯಿತು. ಮಾಲಿಯವರಿಗೆ ಎರಡು ತಿಂಗಳು ಕಡಿದಿದ್ದ ಸಂಬಳದಲ್ಲಿ ಒಂದು ತಿಂಗಳಿನದು ವಾಪಸ್ಸು ಬಂತು. ಇನ್ನೊಂದು ತಿಂಗಳಿನದು ‘ಮುಂದಿನ ಮೀಟಿಂಗಿನಲ್ಲಿ’ ಎಂದರು. ನಾನು ಕೇಳಿದಾಗಲೆಲ್ಲ ಅದೇ ಉತ್ತರ.

ಪ್ರಯೋಗಾಲಯಕ್ಕೆ ಮಾದರಿ ಕಳಿಸುವವರಿಗೆ ಎರಡು ಮಾತು. ಅಂಚಿನಿಂದ ಎತ್ತಿದ ಹಿಡಿಯನ್ನು ಮಣ್ಣು ಸಮೇತ ಪೇಪರಿನಲ್ಲಿ ಸುತ್ತಿ, ಮೇಲೆ ಸಡಿಲವಾಗಿ ಒಂದು ಚೀಲ ಹಾಕಿ. ನೀರು ಚಿಮುಕಿಸಬೇಡಿ, ದಾರಿಯಲ್ಲೇ ಕೊಳೆತುಹೋಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಇಡಬೇಡಿ. ಔಷಧಿ ಹೊಡೆಯುವ ಮೊದಲೇ ಮಾದರಿ ತೆಗೆಯಿರಿ, ವಾರದ ಮೊದಲ ದಿನಗಳಲ್ಲಿ ಒಪ್ಪಿಸಿ, ಶನಿವಾರ ಕೊಟ್ಟರೆ ಎರಡು ದಿನ ಮೇಜಿನ ಮೇಲೇ ಇರುತ್ತದೆ. ಜೊತೆಗೆ ಒಂದು ಚೀಟಿಯಲ್ಲಿ ಹುಲ್ಲು ಯಾವುದು, ಯಾವಾಗ ಶುರುವಾಯಿತು, ನೀರು, ಗೊಬ್ಬರ ಎಷ್ಟು ಎಂದು ಬರೆದಿಡಿ. ದೆಹಲಿಯವರಿಗೆ ಪೂಸಾದಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇದೆ, ಪುಣೆಯವರಿಗೆ ಕೃಷಿ ಕಾಲೇಜು, ಹೈದರಾಬಾದಿನವರಿಗೆ ರಾಜೇಂದ್ರನಗರದ ಕೃಷಿ ವಿಶ್ವವಿದ್ಯಾಲಯ. ಅಲ್ಲಿನ ಸಸ್ಯರೋಗ ವಿಭಾಗಕ್ಕೆ ಮೊದಲು ಫೋನ್ ಮಾಡಿ ವಿಚಾರಿಸಿಕೊಂಡು ಹೋಗಿ.

ಲಾನಿಗೆ ಏನಾದರೂ ಔಷಧಿ ಹಾಕಲೇಬೇಕಾಗಿ ಬಂದರೆ ಒಂದು ಬೋರ್ಡ್ ನೆಡಿಸಿ, ಯಾವ ಔಷಧಿ, ಯಾವ ತಾರೀಕು ಎಂದು ಬರೆಸಿ. ಕನ್ನಡ, ಮರಾಠಿ, ಹಿಂದಿ, ತಮಿಳು, ನಿಮ್ಮ ಸೊಸೈಟಿಯ ಮಕ್ಕಳಿಗೆ ಓದಲು ಬರುವ ಎಲ್ಲ ಭಾಷೆಯಲ್ಲೂ ಇರಲಿ. ಈ ರೋಗ ಬರುವ ಆಗಸ್ಟ್-ಸೆಪ್ಟೆಂಬರ್ ತಿಂಗಳಲ್ಲೇ ಚೌತಿಯೂ ಬರುತ್ತದೆ, ಬೆಳಗ್ಗೆ ಎದ್ದ ಮಕ್ಕಳು ಗರಿಕೆ ಕೀಳಲು ಮೊದಲು ಓಡುವುದು ಅದೇ ಲಾನಿಗೆ.